ಪಾದಯಾತ್ರೆಯಲ್ಲಿ ಸಹಚರಧರ್ಮ

ಶನಿವಾರದ ಪ್ರವಚನ ಮುಗಿದು ಮಂಗಳಾರತಿಯಾದ ಮೇಲೆ ತರುಣರೊಬ್ಬರು ನಮ್ಮನ್ನು ಮಠದ ಪಡಸಾಲೆಯಲ್ಲಿ ನಿಲ್ಲಿಸಿ ಒಂದು ಪ್ರಶ್ನೆಯನ್ನು ಮುಂದಿಟ್ಟರು. ಅವರು ಪುಣೆಯ ಕಂಪ್ಯೂಟರ್ ಸಂಸ್ಥೆಯೊಂದರಲ್ಲಿ ಉದ್ಯೋಗದಲ್ಲಿರುವವರು. ಈ ಸಲ ಆಳಂದಿಯಿಂದ ಪಂಢರಪುರದವರೆಗೆ ಪಾಲಖಿಯೊಡನೆ ಕಾಲ್ನಡಿಗೆಯಲ್ಲಿ ಹೋಗಬೇಕೆಂದು ಸಂಕಲ್ಪಿಸಿದ್ದಾರೆ. “ಒಬ್ಬನೇ ಹೋಗುವುದು ಶ್ರೇಯಸ್ಕರವೋ, ಜೊತೆಗೂಡಿ ಹೋಗುವುದು ಶ್ರೇಯಸ್ಕರವೋ?” ಎಂಬುದು ಅವರ ಜಿಜ್ಞಾಸೆ. ಒಬ್ಬನೇ ಹೋಗುವುದರ ಕಡೆಗೇ ಅವರ ಒಲವೆಂಬುದು ಕೇಳಿದ ಧಾಟಿಯಲ್ಲಿಯೇ ತಿಳಿಯುತ್ತಿತ್ತು. ಜೊತೆಯೆಂದ ಮೇಲೆ ಹರಟೆ ಬರುತ್ತದೆ. ಚಹಕ್ಕಾಗಿ ನಿಲ್ಲುವುದು ಬರುತ್ತದೆ. ಒಬ್ಬರ ಕಾಲುನೋವಿಗಾಗಿ ನಾಲ್ವರು ಕೂರುವುದು ಬರುತ್ತದೆ. ದರ್ಶನವಂತೂ ಅವರವರದೇ. ಹಾಗಿರುವಲ್ಲಿ ನಡೆಯುವುದನ್ನಾದರೂ ಏಕೆ ಹಂಚಿಕೊಳ್ಳಬೇಕು?

ನಿಂತ ನಿಲುವಿನಲ್ಲಿ ಉತ್ತರ ಕೊಡಲು ನಮ್ಮಿಂದಾಗಲಿಲ್ಲ. “ಬರೆದು ತಿಳಿಸುತ್ತೇವೆ” ಎಂದು ಹೇಳಿ ಬೀಳ್ಕೊಂಡೆವು. ಪ್ರಶ್ನೆ ಕಠಿಣವಾಗಿತ್ತೆಂದಲ್ಲ, ಅದೇ ದಾರಿಯಲ್ಲಿ ನಮ್ಮದೊಂದು ಹಳೆಯ ಋಣ ಉಳಿದಿದೆ, ಅದನ್ನು ಹೇಳದೆ ಶಾಸ್ತ್ರವಚನಗಳನ್ನು ಮಾತ್ರ ಹೇಳಿದರೆ ಉತ್ತರ ಪೂರ್ಣವಾಗುತ್ತಿರಲಿಲ್ಲ.

ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ನೋಡೋಣ. ಅದು ದುರ್ಬಲವಾದುದಲ್ಲ. ಪ್ರಾಣಿಯು ಒಬ್ಬನೇ ಹುಟ್ಟುತ್ತಾನೆ, ಒಬ್ಬನೇ ಸಾಯುತ್ತಾನೆ, ಪುಣ್ಯಪಾಪಗಳ ಫಲವನ್ನು ಒಬ್ಬನೇ ಉಣ್ಣುತ್ತಾನೆಂದು ಮನುವು ಹೇಳಿದ್ದಾನೆ. ಯತಿಗೆ ಏಕಾಕಿಯಾದ ಸಂಚಾರವೇ ವಿಹಿತ. ಐದು ವರ್ಷದ ಧ್ರುವನು ಮಧುವನಕ್ಕೆ ಹೊರಟಾಗ ಕೈಹಿಡಿದು ನಡೆಸುವವರು ಯಾರೂ ಇರಲಿಲ್ಲ. ದಾರಿಯಲ್ಲಿ ನಾರದರು ಎದುರಾಗಿ ಉಪದೇಶ ಮಾಡಿ ಕಳುಹಿಸಿದರೇ ಹೊರತು ತಾವು ಜೊತೆಗೆ ಹೋಗಲಿಲ್ಲ. ಇಷ್ಟನ್ನು ಮುಂದಿಟ್ಟುಕೊಂಡು ತರುಣರು ವಾದಕ್ಕೆ ನಿಂತರೆ ಥಟ್ಟನೆ ಖಂಡಿಸುವುದು ಸುಲಭವಲ್ಲ.

ಆದರೆ ಶಬ್ದಗಳು ಬೇರೊಂದು ಕಥೆಯನ್ನು ಹೇಳುತ್ತವೆ. ನಾವು ದಿನವೂ ಬಳಸುವ ‘ಸಹಾಯ’ ಎಂಬ ಶಬ್ದವನ್ನೇ ತೆಗೆದುಕೊಳ್ಳಿರಿ. ಕನ್ನಡದಲ್ಲಿ ಈಗ ಅದಕ್ಕೆ ನೆರವು ಎಂದಷ್ಟೇ ಅರ್ಥ. ಸಂಸ್ಕೃತದಲ್ಲಿ ಮೂಲತಃ ಸಹಾಯನೆಂದರೆ ಜೊತೆಯಲ್ಲಿ ಹೋಗುವವನು. ಅಮರಸಿಂಹನು ಅದನ್ನು ‘ಅನುಚರ’ ಶಬ್ದದ ಸಾಲಿನಲ್ಲಿಯೇ ಇಟ್ಟಿದ್ದಾನೆ. ಏನನ್ನಾದರೂ ಕೊಡುವವನು, ಹೊರೆಯನ್ನು ಹೊರುವವನು ಎಂಬುದೆಲ್ಲ ಆಮೇಲಿನ ಮಾತು. ಮೊದಲನೆಯದು ಕೂಡ ನಡೆಯುವುದು. ಏಳು ಹೆಜ್ಜೆ ಜೊತೆಯಲ್ಲಿ ಇಟ್ಟುದರಿಂದ ಉಂಟಾಗುವ ಸ್ನೇಹಕ್ಕೆ ‘ಸಾಪ್ತಪದೀನ’ ಎಂಬ ಶಬ್ದವನ್ನು ಪಾಣಿನಿಯು ಸೂತ್ರ ಮಾಡಿ ಸಾಧಿಸಿಕೊಟ್ಟಿದ್ದಾನೆ. ಸಾವಿತ್ರಿಯು ಯಮನ ಹಿಂದೆ ನಡೆಯುತ್ತ ಮೊದಲು ಹೂಡಿದ ಯುಕ್ತಿಯೂ ಇದೇ: ನಿನ್ನೊಡನೆ ಏಳು ಹೆಜ್ಜೆ ನಡೆದೆನಾದುದರಿಂದ ನಿನಗೂ ನನಗೂ ಸ್ನೇಹವಾಯಿತು, ಆ ಸಲುಗೆಯಿಂದ ಮಾತನಾಡುತ್ತೇನೆ ಎಂದು. ಯಮನು ಅದನ್ನು ಅಲ್ಲಗಳೆಯಲಿಲ್ಲ. ಆಳಂದಿಯಿಂದ ಪಂಢರಪುರ ಸುಮಾರು 250 ಕಿಲೋಮೀಟರು. ಹೆಜ್ಜೆಗಳನ್ನು ಲೆಕ್ಕ ಹಾಕಿದರೆ ಮೂರು ಲಕ್ಷವನ್ನು ಮೀರುತ್ತದೆ. ಏಳಕ್ಕೇ ಇಷ್ಟು ಬಲವಿದ್ದರೆ ಮೂರು ಲಕ್ಷಕ್ಕೆ ಎಷ್ಟೆಂಬುದನ್ನು ವಾಚಕರೇ ಊಹಿಸಬೇಕು.

ಇನ್ನು ಯಕ್ಷಪ್ರಶ್ನೆಯ ಪ್ರಸಂಗ. ಪರಸ್ಥಳಕ್ಕೆ ಹೊರಟವನಿಗೆ ಮಿತ್ರನಾರೆಂದು ಯಕ್ಷನು ಕೇಳಿದಾಗ ಧರ್ಮರಾಜನು ‘ಸಾರ್ಥ’ವೆಂದು ಉತ್ತರಿಸುತ್ತಾನೆ. ಸಾರ್ಥವೆಂದರೆ ಗುಂಪಾಗಿ ದಾರಿ ನಡೆಯುವ ಪಥಿಕರ ಸಮೂಹ. ಆದರೆ ಒಂದು ಎಚ್ಚರಿಕೆ ಅವಶ್ಯ. ಅದೇ ವನಪರ್ವದಲ್ಲಿ ದಮಯಂತಿಯೂ ಒಂದು ಸಾರ್ಥವನ್ನು ಕೂಡಿಕೊಂಡಿದ್ದಳು. ರಾತ್ರಿಯಲ್ಲಿ ಕಾಡಾನೆಗಳು ನುಗ್ಗಿ ಆ ಸಾರ್ಥವನ್ನು ತುಳಿದಾಗ ಅಳಿದುಳಿದವರು ದೋಷವನ್ನು ಹೊರಿಸಿದ್ದು ಯಾರ ಮೇಲೆ? ಆ ಅನಾಥೆಯ ಮೇಲೆ. ಒಂದೇ ದಾರಿಯಲ್ಲಿ ನಡೆದ ಮಾತ್ರಕ್ಕೆ ಜೊತೆಯಾಗುವುದಿಲ್ಲ. ಇದನ್ನು ನಾವು ಗ್ರಂಥದಿಂದ ಕಲಿತದ್ದು ಎಳೆವಯಸ್ಸಿನಲ್ಲಿ. ಅನುಭವದಿಂದ ಕಲಿತದ್ದು 2018ರಲ್ಲಿ.

ಆ ವರ್ಷ ನಾವು ಸೇವೆಯಿಂದ ನಿವೃತ್ತರಾಗಿ ಕೆಲವು ತಿಂಗಳುಗಳಾಗಿದ್ದವು. ವಾರಿಯನ್ನು ಒಮ್ಮೆಯಾದರೂ ನಡೆಯಬೇಕೆಂಬ ಆಸೆ ಬಹುಕಾಲದ್ದು. ನಮ್ಮ ಹರಿದಾಸರ ಅಂಕಿತಗಳಲ್ಲಿ ಮತ್ತೆ ಮತ್ತೆ ಬರುವ ಹೆಸರು ವಿಠ್ಠಲನದು. ಜ್ಞಾನೇಶ್ವರರಾದರೋ ಅದೇ ವಿಠ್ಠಲನನ್ನು ಕರ್ನಾಟಕದವನೆಂದೇ ಕರೆದಿದ್ದಾರೆ. ಆದುದರಿಂದ ಪುಣೆಯ ಕನ್ನಡಿಗರಿಗೆ ಆ ದಾರಿ ಪರಕೀಯವಲ್ಲ. ಜೊತೆಗೆ ಬಂದವರು ನಮ್ಮ ಮಠದ ಭಕ್ತರೇ ಆದ ಒಬ್ಬ ನಿವೃತ್ತ ಶಾಲಾಮಾಸ್ತರರು. ವಿಜಾಪುರದ ಕಡೆಯವರು. ನಮಗಿಂತ ಹನ್ನೆರಡು ವರ್ಷ ಹಿರಿಯರು. ಎಲ್ಲರೂ ಅವರನ್ನು ‘ಮಾಸ್ತರು’ ಎಂದೇ ಕರೆಯುತ್ತಿದ್ದರು. ಅವರು ನಮ್ಮನ್ನು ‘ಸಾಹೇಬ್ರ’ ಎನ್ನುವುದನ್ನು ನಿವೃತ್ತಿಯಾದ ಮೇಲೂ ಬಿಟ್ಟಿರಲಿಲ್ಲ.

ವಾರಿಯನ್ನು ಕಾಣದವರಿಗಾಗಿ ಎರಡು ಮಾತು. ಜ್ಯೇಷ್ಠ ಬಹುಳ ಅಷ್ಟಮಿಯಂದು ಜ್ಞಾನೇಶ್ವರರ ಪಾದುಕೆಗಳನ್ನು ಹೊತ್ತ ಪಾಲಖಿ ಆಳಂದಿಯಿಂದ ಹೊರಟು, ಆಷಾಢ ಶುದ್ಧ ಏಕಾದಶಿಗೆ ಪಂಢರಪುರದಲ್ಲಿರುವಂತೆ ಸಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಹೈಬತಬಾಬಾ ಎಂಬ ಭಕ್ತರು ಇದಕ್ಕೆ ಈಗಿನ ಶಿಸ್ತನ್ನು ತಂದರು. ಲಕ್ಷಾಂತರ ಜನರು ನಡೆದರೂ ಅದು ಜಂಗುಳಿಯಲ್ಲ. ಎಲ್ಲರೂ ‘ದಿಂಡಿ’ಗಳೆಂಬ ತಂಡಗಳಲ್ಲಿ ನಡೆಯುತ್ತಾರೆ. ಪ್ರತಿಯೊಂದು ದಿಂಡಿಗೂ ಸಂಖ್ಯೆಯಿದೆ. ಪಾಲಖಿಯ ರಥದ ಮುಂದೆಯೋ ಹಿಂದೆಯೋ ಅದಕ್ಕೊಂದು ನಿಯತವಾದ ಸ್ಥಾನವಿದೆ. ವೀಣೆ ಹಿಡಿದವರು, ಪಖವಾಜ ಬಾರಿಸುವವರು, ತಾಳ ಹಿಡಿದವರು, ಧ್ವಜಧಾರಿಗಳು, ತಲೆಯ ಮೇಲೆ ತುಲಸೀಬೃಂದಾವನ ಹೊತ್ತ ತಾಯಂದಿರು. ಒಬ್ಬರನ್ನೊಬ್ಬರು ಕರೆಯುವುದು ‘ಮಾವುಲೀ’ ಎಂದು, ಅಂದರೆ ತಾಯಿ ಎಂದು. ಹೆಸರು ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಇಲಾಖೆಯ ಹುದ್ದೆಯನ್ನು ಹೆಸರಿನ ಹಿಂದೆ ಹೊತ್ತು ಮೂವತ್ತೈದು ವರ್ಷ ತಿರುಗಿದವರಿಗೆ ಇದು ಮೊದಲೆರಡು ದಿನ ವಿಚಿತ್ರವೆನಿಸಿದ್ದು ನಿಜ.

ಪುಣೆಯಲ್ಲಿ ಎರಡು ರಾತ್ರಿ ತಂಗಿದ ಪಾಲಖಿ ಅನಂತರ ಸಾಸವಡದ ಹಾದಿ ಹಿಡಿಯುತ್ತದೆ. ದಾರಿಯ ಎಲ್ಲ ದಿನಗಳಲ್ಲಿ ದೀರ್ಘವಾದ ನಡಿಗೆಗಳಲ್ಲಿ ಅದೊಂದು. ಮೂವತ್ತು ಕಿಲೋಮೀಟರಿಗೂ ಮಿಕ್ಕಿ. ಹಡಪಸರದ ಬಳಿ ತುಕಾರಾಮರ ಪಾಲಖಿ ಸೊಲ್ಲಾಪುರದ ರಸ್ತೆಗೆ ಅಗಲುತ್ತದೆ. ಜ್ಞಾನೇಶ್ವರರದು ದಿವೆಘಾಟವನ್ನು ಏರುತ್ತದೆ. ರಥಕ್ಕೆ ಅಲ್ಲಿ ಹೆಚ್ಚಿನ ಎತ್ತಿನ ಜೋಡಿಗಳನ್ನು ಕಟ್ಟಬೇಕಾಗುತ್ತದೆಂದರೆ ಏರು ಎಂಥದೆಂಬುದು ತಿಳಿದೀತು. ಆ ವರ್ಷ ಅದೇ ದಿನ ಯೋಗಿನೀ ಏಕಾದಶಿ. ವಾರಕರಿಗಳೂ ಅಂದು ಉಪವಾಸವಿರುತ್ತಾರೆ. ಆದರೆ ಸಾಬುದಾಣೆ, ಬಾಳೆಹಣ್ಣು, ನೀರು ಅವರಿಗೆ ನಿಷಿದ್ಧವಲ್ಲ. ನಮ್ಮ ಸಂಪ್ರದಾಯದ ನಿಯಮವನ್ನು ಈ ಪತ್ರಿಕೆಯ ವಾಚಕರಿಗೆ ಹೇಳಬೇಕಾಗಿಲ್ಲ. ದಶಮಿಯ ಒಪ್ಪೊತ್ತು ಮುಗಿಸಿದ ಮೇಲೆ ನಾವಿಬ್ಬರೂ ನೀರನ್ನೂ ಮುಟ್ಟಿರಲಿಲ್ಲ.

ಘಾಟದ ಬುಡಕ್ಕೆ ಬರುವ ಹೊತ್ತಿಗೆ ಮಧ್ಯಾಹ್ನ ಮೀರಿತ್ತು. ಮಳೆ ಬಾರದೆ ಮೋಡ ಕವಿದು ಸೆಖೆ ಹೆಚ್ಚಿತ್ತು. ಅರ್ಧ ಏರಿದ ಮೇಲೆ ಮಾಸ್ತರರ ಹೆಜ್ಜೆ ತಪ್ಪತೊಡಗಿತು. ರಸ್ತೆಯಂಚಿನ ಕಲ್ಲೊಂದರ ಮೇಲೆ ಕುಳಿತುಬಿಟ್ಟರು. ತುಟಿ ಒಣಗಿ ಬಿಳಿಚಿತ್ತು. ಹಿಂದಿನ ದಿಂಡಿಯ ಒಬ್ಬ ವೃದ್ಧೆ, ತಲೆಯ ಮೇಲಿನ ತುಲಸಿಯನ್ನು ಇಳಿಸದೆಯೇ, ಸೊಂಟದ ಚೀಲದಿಂದ ಸಣ್ಣ ತಂಬಿಗೆಯನ್ನು ತೆಗೆದು “ಮಾವುಲೀ, ಪಾಣಿ” ಎಂದು ಮುಂದೆ ಹಿಡಿದಳು. ಮಾಸ್ತರರು ನಮ್ಮ ಮುಖವನ್ನು ಒಮ್ಮೆ ನೋಡಿ, ತಂಬಿಗೆ ಎತ್ತಿ ಕುಡಿದರು. ಆಮೇಲೆ ನಕ್ಕು, “ಇದು ನೀರಲ್ರೀ ಸಾಹೇಬ್ರ, ತೀರ್ಥ” ಎಂದರು.

ನಮಗೆ ನಗು ಬರಲಿಲ್ಲ. ಬಾಲರಿಗೆ, ವೃದ್ಧರಿಗೆ, ಆತುರರಿಗೆ ನಿಯಮದಲ್ಲಿ ಸಡಿಲಿಕೆಯನ್ನು ಧರ್ಮಶಾಸ್ತ್ರವೇ ಹೇಳಿದೆಯೆಂಬುದು ನಮಗೆ ತಿಳಿಯದ ವಿಷಯವಲ್ಲ. ಅದನ್ನು ಪಾಠ ಹೇಳಿದವರು ನಾವು. ಆದರೆ ಆ ಗಳಿಗೆಯಲ್ಲಿ ನೆನಪಾದದ್ದು ಆ ವಾಕ್ಯವಲ್ಲ. ನಾವು ಹಿಡಿದ ವ್ರತ ನಮ್ಮ ಕಣ್ಣೆದುರಿಗೇ ಯಾರಿಂದಲೋ ಭಂಗವಾಯಿತೆಂಬ ಅಸಮಾಧಾನ. ಮಾಸ್ತರರು ಅದನ್ನು ಗ್ರಹಿಸಿದರೆಂದೇ ತೋರುತ್ತದೆ. “ನೀವು ಮುಂದ ನಡೀರಿ. ನಿಮ್ಮ ಸಂಧ್ಯಾಕ್ಕ ಹೊತ್ತಾಗ್ತದ. ನಾ ಹಿಂದಿಂದ ಬರ್ತೀನಿ” ಎಂದರು. ನಾವು ನಡೆದೆವು. ಸಾಯಂಸಂಧ್ಯೆಯನ್ನು ಸಾಸವಡದ ಕರ್ಹಾ ನದಿಯ ತೀರದಲ್ಲಿ ಮಾಡಬೇಕೆಂಬ ಸಂಕಲ್ಪವಿತ್ತು, ಅದು ನೆಪವಾಯಿತು. ಸತ್ಯವನ್ನೇ ಹೇಳಬೇಕೆಂದರೆ, ಮೊದಲ ಅರ್ಧ ಗಂಟೆ ನಡಿಗೆ ಬಹಳ ಹಗುರವಾಗಿತ್ತು. ಅವರ ಹೆಜ್ಜೆಗಾಗಿ ನಮ್ಮ ಹೆಜ್ಜೆಯನ್ನು ತಡೆಯಬೇಕಾಗಿರಲಿಲ್ಲ. ನಾಮಸ್ಮರಣೆಯೂ ಸರಾಗವಾಗಿ ಸಾಗಿತು. ಕೆಳಗೆ ಮಸ್ತಾನಿಯ ಕೆರೆ, ತಿರುವು ತಿರುವಿನಲ್ಲಿ ಸಾಲುಗಟ್ಟಿದ ಧ್ವಜಗಳು. ಎಲ್ಲವನ್ನೂ ಕಣ್ಣು ತುಂಬ ನೋಡಿದೆವು. ಹಿಂದಿರುಗಿ ಮಾತ್ರ ನೋಡಲಿಲ್ಲ.

ಸಾಸವಡದಲ್ಲಿ ಸ್ನಾನ, ಸಂಧ್ಯೆ, ಜಪ ಎಲ್ಲವೂ ಸಾಂಗವಾಗಿ ಆದವು. ಮಾಸ್ತರರು ಬಂದಾರು, ಲಕ್ಷ ಜನರ ನಡುವೆ ಯಾರಾದರೂ ಕರೆತಂದಾರು ಎಂದುಕೊಂಡೆವು. ಮೊಬೈಲು ಆರಿಸಿತ್ತು. ಏಕಾದಶಿಯಂದು ಅದನ್ನು ಮುಟ್ಟಬಾರದೆಂಬ ನಿಯಮ ಯಾವ ಸ್ಮೃತಿಯದೂ ಅಲ್ಲ, ನಮ್ಮದೇ.

ರಾತ್ರಿ ಪಾಲಖಿ ತಂಗುವ ತಳದಲ್ಲಿ ‘ಸಮಾಜ ಆರತಿ’ ನಡೆಯುತ್ತದೆ. ವಾರಿಯ ವ್ಯವಸ್ಥೆಗಳಲ್ಲಿ ನಮಗೆ ಅತ್ಯಂತ ಹಿಡಿಸಿದ್ದು ಇದು. ದಿಂಡಿಗಳೆಲ್ಲ ಸುತ್ತುಗಟ್ಟಿ ನಿಂತು ತಾಳ ಬಾರಿಸುತ್ತಿರುತ್ತವೆ. ಚೋಪದಾರನು ಬೆಳ್ಳಿಯ ಕೋಲನ್ನು ಮೇಲೆತ್ತುತ್ತಾನೆ. ಅಷ್ಟು ದೊಡ್ಡ ಸಮುದಾಯ ಒಮ್ಮೆಲೇ ನಿಶ್ಶಬ್ದವಾಗುತ್ತದೆ. ಯಾವುದಾದರೂ ದಿಂಡಿಗೆ ದೂರು ಇದ್ದಲ್ಲಿ ಅದು ಮಾತ್ರ ತಾಳ ನಿಲ್ಲಿಸುವುದಿಲ್ಲ. ಆಗ ಅಲ್ಲಿಗೆ ಹೋಗಿ ದೂರನ್ನು ವಿಚಾರಿಸುತ್ತಾರೆ. ಬಳಿಕ ಮರುದಿನದ ಪ್ರಸ್ಥಾನದ ವೇಳೆ, ಕಳೆದ ವಸ್ತುಗಳು, ಸಿಕ್ಕಿದ ವಸ್ತುಗಳು ಇವುಗಳ ಪ್ರಕಟಣೆ. ಅಂದು ಒಂದು ದಿಂಡಿಯ ತಾಳ ನಿಲ್ಲಲಿಲ್ಲ. ವಿಚಾರಣೆಯಾಯಿತು. ಅನಂತರದ ಪ್ರಕಟಣೆಯಲ್ಲಿ ಒಂದು ಚೀಲ, ಒಂದು ಜೊತೆ ಚಪ್ಪಲಿ, ಒಂದು ಕನ್ನಡಕ ಇವುಗಳಾದ ಮೇಲೆ ನಮ್ಮ ಹೆಸರು ಕೇಳಿಸಿತು. ಪುಣೆಯ ಇಂಥವರು, ಅರುವತ್ತು ವಯಸ್ಸು, ಕಾಣೆಯಾಗಿದ್ದಾರೆ. ಇಂದು ನೀರನ್ನೂ ಬಿಟ್ಟು ಉಪವಾಸವಿದ್ದಾರೆ. ಘಾಟದಲ್ಲಿ ಎಲ್ಲಿಯಾದರೂ ಬಿದ್ದಿರಬಹುದು. ಕಂಡವರು ಇಂಥ ಸಂಖ್ಯೆಯ ದಿಂಡಿಗೆ ತಿಳಿಸಬೇಕು.

ಆ ಸಂಖ್ಯೆಯ ಡೇರೆಯನ್ನು ಹುಡುಕಿಕೊಂಡು ಹೋದೆವು. ತಂಬಿಗೆಯ ವೃದ್ಧೆಯ ದಿಂಡಿ ಅದು. ಮಾಸ್ತರರು ಕಾಲಿಗೆ ಎಣ್ಣೆ ಹಚ್ಚಿಸಿಕೊಂಡು ಕುಳಿತಿದ್ದರು. ನಮ್ಮನ್ನು ಕಂಡು ಎದ್ದು ನಿಲ್ಲಲು ಹೋದರು. “ಸಿಕ್ಕ್ರಲ್ರೀ ಸಾಹೇಬ್ರ! ನಾ ಭಾಳ ಹೆದರಿದ್ದೆ. ನಾನರ ನೀರು ಕುಡದಿದ್ದೆ, ನೀವು ಹಂಗೇ ಹೋದ್ರಿ” ಎಂದರು. ಅವರ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನಮಗೆ ಸ್ವಲ್ಪ ಸುಲಭವಾಗುತ್ತಿತ್ತು. ಆ ಒಂದು ತಂಬಿಗೆಯ ಅನಂತರ ಅವರು ಏನನ್ನೂ ಮುಟ್ಟಿರಲಿಲ್ಲವೆಂಬುದು ಮರುದಿನ ದ್ವಾದಶಿಯ ಪಾರಣೆಯ ವೇಳೆಗೆ ತಿಳಿಯಿತು. ಪಾರಣೆಯಾದ ಮೇಲೆ ನಮ್ಮ ತಪ್ಪನ್ನು ಹೇಳಿಕೊಂಡೆವು. “ದಾರಿ ಅಂದ ಮ್ಯಾಲೆ ಹಿಂದ ಮುಂದ ಆಗ್ತದ್ರೀ” ಎಂದು ತಮ್ಮ ಬಟ್ಟಲನ್ನು ತೊಳೆಯಲು ಎದ್ದರು.

ತಪ್ಪು ಯಾವುದೆಂಬುದನ್ನು ಆ ಮೇಲೆ ಅನೇಕ ಸಲ ವಿವೇಚಿಸಿದ್ದೇವೆ. ನಿರ್ಜಲವಾಗಿದ್ದುದು ತಪ್ಪಲ್ಲ, ಏಕಾದಶಿಯ ವಿಷಯದಲ್ಲಿ ಕೃಷ್ಣಾಮೃತಮಹಾರ್ಣವದಲ್ಲಿ ಶ್ರೀಮದಾಚಾರ್ಯರು ಕೊಟ್ಟ ಎಚ್ಚರಿಕೆಯನ್ನು ನಾವು ಇಂದಿಗೂ ಹಾಗೆಯೇ ಮನ್ನಿಸುತ್ತೇವೆ. ಸಂಧ್ಯೆಯ ಹೊತ್ತನ್ನು ಲಕ್ಷಿಸಿದ್ದೂ ತಪ್ಪಲ್ಲ. ಸ್ವಂತ ವೇಗವನ್ನು ಧರ್ಮವೆಂದು ಭಾವಿಸಿದ್ದು ತಪ್ಪು. ಮಾಸ್ತರರ ನಿಧಾನ ನಮ್ಮ ಯಾತ್ರೆಗೆ ಹೊರಗಿನಿಂದ ಬಂದ ವಿಘ್ನವೆಂದು ಎಣಿಸಿದೆವು. ಇಬ್ಬರು ಕೂಡಿ ಸಂಕಲ್ಪ ಮಾಡಿ ಹೊರಟ ಮೇಲೆ ಒಬ್ಬರ ನಿಧಾನವೂ ಯಾತ್ರೆಯೊಳಗಿನದೇ ಆಗುತ್ತದೆ, ಬಿಸಿಲಿನಂತೆ, ಏರಿನಂತೆ. ಏರು ಬಂದಿತೆಂದು ಘಾಟವನ್ನು ಯಾರೂ ಬೈಯುವುದಿಲ್ಲವಷ್ಟೆ.

ಇಲ್ಲಿ ನಮ್ಮ ಹಳೆಯ ಇಲಾಖೆಯ ಒಂದು ಪದ್ಧತಿ ನೆನಪಾಗುತ್ತದೆ. ರೈಲುಗಾಡಿ ನಿಲ್ದಾಣಕ್ಕೆ ಬಂದಿತೆಂದು ಎಂಜಿನ್ ಬಂದ ಮಾತ್ರಕ್ಕೆ ಹೇಳುವಂತಿಲ್ಲ. ಕೊನೆಯ ಡಬ್ಬಿಯ ಹಿಂದೆ ‘ಎಲ್‌ವಿ’ ಎಂಬ ಫಲಕವನ್ನೋ ಕೆಂಪು ದೀಪವನ್ನೋ ತೂಗುಹಾಕಿರುತ್ತಾರೆ. ಅದನ್ನು ಕಂಡು ಗಾಡಿ ಪೂರ್ಣವಾಗಿ ಬಂದಿದೆಯೆಂದು ಖಚಿತವಾದ ಮೇಲೆಯೇ ಹಿಂದಿನ ನಿಲ್ದಾಣಕ್ಕೆ ದಾರಿ ತೆರವಾಯಿತೆಂಬ ಸೂಚನೆ ಹೋಗಬೇಕು. ಡಬ್ಬಿಯೊಂದು ಕೊಂಡಿ ಕಳಚಿ ನಡುದಾರಿಯಲ್ಲಿ ಉಳಿದಿದ್ದರೆ ಹಿಂದಿನಿಂದ ಬರುವ ಗಾಡಿ ಅದಕ್ಕೆ ಬಡಿಯುತ್ತದೆ. 2022ರಿಂದ ‘ಟ್ರೈನ್ ಮ್ಯಾನೇಜರ್’ ಎನಿಸಿಕೊಳ್ಳುವ ನಮ್ಮ ಗಾರ್ಡ್ ಮಹಾಶಯರು ಕೊನೆಯಲ್ಲಿ ಕೂರುವುದೂ ಇಂಥ ಕಾರಣಗಳಿಗಾಗಿಯೇ. ಈ ನಿಯಮವನ್ನು ಎಷ್ಟೋ ವರ್ಷ ಕಿರಿಯರಿಗೆ ತಿಳಿಹೇಳಿದವರು ದಿವೆಘಾಟದಲ್ಲಿ ಎಂಜಿನ್ ಮಾತ್ರ ತೆಗೆದುಕೊಂಡು ಹೋದೆವು.

ಮಹಾಪ್ರಸ್ಥಾನದ ಪ್ರಸಂಗವನ್ನು ಇಲ್ಲಿ ನೋಡಬೇಕು. ಅದು ನಮ್ಮಂಥವರಿಗೆ ಮೇಲ್ನೋಟಕ್ಕೆ ಸಮರ್ಥನೆಯಂತೆ ಕಾಣುತ್ತದೆ. ಐವರು ಸೋದರರು, ದ್ರೌಪದಿ, ಹಿಂಬಾಲಿಸಿ ಬಂದ ಒಂದು ನಾಯಿ. ದ್ರೌಪದಿ ಮೊದಲು ಬಿದ್ದಳು. ಸಹದೇವ, ನಕುಲ, ಅರ್ಜುನರು ಅನುಕ್ರಮವಾಗಿ ಬಿದ್ದರು. ಪ್ರತಿಯೊಬ್ಬರು ಬಿದ್ದಾಗಲೂ ಇದೇಕೆಂದು ಕೇಳಿದವನು ಭೀಮಸೇನ. ಧರ್ಮರಾಜನು ಕಾರಣ ಹೇಳಿ ಹಿಂದಿರುಗಿ ನೋಡದೆ ನಡೆದ. (ಆ ಕಾರಣಗಳ ತಾತ್ಪರ್ಯವನ್ನು ವಿದ್ವಾಂಸರಿಂದ ಕೇಳಿ ತಿಳಿಯುವುದು ಯುಕ್ತ, ಆ ಚರ್ಚೆ ಇಲ್ಲಿ ಬೇಡ.) ಅಂಥವನು ಇಂದ್ರನ ರಥ ಬಂದು ನಿಂತಾಗ ನಾಯಿಯನ್ನು ಬಿಟ್ಟು ಏರಲಾರೆನೆಂದ. ಇಂದ್ರನು ಸುಮ್ಮನಿರಲಿಲ್ಲ. ಹೆಂಡತಿಯನ್ನೂ ತಮ್ಮಂದಿರನ್ನೂ ಬಿಟ್ಟು ಬಂದವನಿಗೆ ನಾಯಿಯ ಮೇಲೆ ಇದೆಂಥ ವ್ಯಾಮೋಹವೆಂದು ಕೇಳಿಯೇಬಿಟ್ಟ. ನಾವು ಮಾಸ್ತರರನ್ನು ಬಿಟ್ಟು ಬಂದ ರಾತ್ರಿ ಈ ಪ್ರಶ್ನೆಯ ತೂಕ ನಮಗೆ ಮೊದಲ ಸಲ ತಿಳಿಯಿತು. ಧರ್ಮರಾಜನ ಉತ್ತರ ಸರಳ: ಅವರು ಸತ್ತ ಮೇಲೆ ಬಿಟ್ಟೆ, ಸತ್ತವರೊಡನೆ ಸಖ್ಯವೂ ಇಲ್ಲ, ಕಲಹವೂ ಇಲ್ಲ, ಬದುಕಿರುವಾಗ ಬಿಡಲಿಲ್ಲ. ಮಾಸ್ತರರು ಬದುಕಿದ್ದರು. ಕಲ್ಲಿನ ಮೇಲೆ ಕುಳಿತು ನಗುತ್ತಿದ್ದರು.

ಆ ನಾಯಿ ಧರ್ಮದೇವತೆಯೆಂಬುದು ಆಮೇಲೆ ತಿಳಿದ ಸಂಗತಿ. ಮೊದಲೇ ತಿಳಿದಿದ್ದರೆ ಅದರಲ್ಲಿ ಪರೀಕ್ಷೆಯೇನು ಬಂತು? ಧರ್ಮರಾಜನು ಬಿಡಲೊಲ್ಲದೆ ನಿಂತದ್ದು ಬರಿಯ ನಾಯಿಗಾಗಿ.

ಹಾಗಾದರೆ ಒಬ್ಬನೇ ಮುಂದೆ ಹೋಗಬೇಕಾದ ಸಂದರ್ಭವೇ ಇಲ್ಲವೇ? ಇದೆ. ನಮ್ಮ ಪರಂಪರೆಯಲ್ಲಿ ಅದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಶ್ರೀಮದಾಚಾರ್ಯರು ಬದರಿಯಿಂದ ಮೇಲಣ ವ್ಯಾಸಾಶ್ರಮಕ್ಕೆ ಹೊರಟಾಗ ಶಿಷ್ಯರನ್ನು ಜೊತೆಗೆ ಕರೆದೊಯ್ಯಲಿಲ್ಲ. ಅದು ಬೇರೆಯವರು ಹೋಗಬಲ್ಲ ದಾರಿಯಾಗಿರಲಿಲ್ಲ. ಆದರೂ ಸತ್ಯತೀರ್ಥರು ಅಗಲಿಕೆಯನ್ನು ಸಹಿಸಲಾರದೆ ಬಂಡೆಯಿಂದ ಬಂಡೆಗೆ ನೆಗೆಯುತ್ತ ಹಿಂಬಾಲಿಸಿದರು, ಗುರುಗಳನ್ನು ಮುಟ್ಟಲಾಗಲಿಲ್ಲ. ದಿನ ಮುಗಿಯುತ್ತ ಬಂದಾಗ ಆಚಾರ್ಯರು ಹಿಂದಿರುಗಿ ನೋಡಿ ಕೈಸನ್ನೆ ಮಾಡಿದರು. ದಿನವಿಡೀ ಶ್ರಮಪಟ್ಟು ಏರಿದ ದಾರಿಯನ್ನು ಸತ್ಯತೀರ್ಥರು ಅಲ್ಪಕಾಲದಲ್ಲಿಯೇ ಇಳಿದು ಸ್ವಸ್ಥಾನ ಸೇರಿದರೆಂದು ಸುಮಧ್ವವಿಜಯದಲ್ಲಿ ನಾರಾಯಣಪಂಡಿತಾಚಾರ್ಯರು ವರ್ಣಿಸಿದ್ದಾರೆ. ಈ ಭಾಗವನ್ನು ಪಾರಾಯಣ ಮಾಡುವಾಗ ಮೊದಲೆಲ್ಲ ನಮ್ಮ ಗಮನ ಆ ಕೈಸನ್ನೆಯ ಮಹಿಮೆಯ ಮೇಲೆ ನಿಲ್ಲುತ್ತಿತ್ತು. ಈಗ ಅದಕ್ಕೂ ಮೊದಲಿನ ಕ್ರಿಯೆಯ ಮೇಲೆ ನಿಲ್ಲುತ್ತದೆ. ಕಾದಿರುವವರು ಸಾಕ್ಷಾತ್ ವೇದವ್ಯಾಸರು; ಆದರೂ ಹಿಂದೆ ಬರುತ್ತಿರುವವನು ಏನಾದನೆಂದು ತಿರುಗಿ ನೋಡಿದರು, ಅವನು ಕ್ಷೇಮವಾಗಿ ಮರಳುವ ವ್ಯವಸ್ಥೆ ಮಾಡಿಯೇ ಮುಂದೆ ಹೋದರು. ಇದೇ ಸತ್ಯತೀರ್ಥರ ಮೇಲೆ ಇನ್ನೊಂದು ಸಂಚಾರದಲ್ಲಿ ಹುಲಿಯ ರೂಪದ ದೈತ್ಯನೆರಗಿದಾಗ ಅವರನ್ನು ಉಳಿಸಿದವರೂ ಆಚಾರ್ಯರೇ.

ನಮ್ಮ ಸಿದ್ಧಾಂತದ ದೃಷ್ಟಿಯಿಂದ ನೋಡಿದರೆ ಸಹಚರಧರ್ಮಕ್ಕೆ ಇನ್ನೂ ಆಳವಾದ ಆಧಾರವಿದೆ. ಪಂಚಭೇದಗಳಲ್ಲಿ ಜೀವಜೀವಭೇದವೂ ಒಂದು. ಒಬ್ಬನ ಶಕ್ತಿಯಲ್ಲ ಇನ್ನೊಬ್ಬನದು; ತಾರತಮ್ಯ ಸತ್ಯವಾದುದು. ಎಲ್ಲರೂ ವಸ್ತುತಃ ಒಬ್ಬನೇ ಆಗಿದ್ದರೆ ಯಾರು ಯಾರಿಗೆ ಜೊತೆ? ಭೇದವಿರುವುದರಿಂದಲೇ ಸಾಹಚರ್ಯಕ್ಕೆ ಅವಕಾಶ. ಪ್ರತಿಯೊಂದು ಜೀವನ ಹೃದಯದಲ್ಲಿ ಬಿಂಬರೂಪಿಯಾಗಿ ನಿಂತ ಪರಮಾತ್ಮನೇ ಅದರ ಅನಾದಿಯಾದ ಸಖ. ಎಚ್ಚರದಲ್ಲಿ, ಸ್ವಪ್ನದಲ್ಲಿ, ಸುಷುಪ್ತಿಯಲ್ಲಿ, ದೇಹ ಬಿಟ್ಟು ಹೋಗುವಲ್ಲಿ, ಸ್ವರ್ಗದಲ್ಲಿ, ನರಕದಲ್ಲಿಯೂ ಜೊತೆಬಿಡದವನು ಅವನೊಬ್ಬನೇ. ಸರ್ವಶಕ್ತನಾದ ಆತನು ನಮ್ಮನ್ನು ತನ್ನ ವೇಗದಲ್ಲಿ ಎಳೆದೊಯ್ಯುವುದಿಲ್ಲ. ಜೀವನ ಯೋಗ್ಯತೆ, ಕರ್ಮ, ಪ್ರಯತ್ನಗಳನ್ನು ಅನುಸರಿಸಿ ನಡೆಸುತ್ತಾನೆ. ಎಷ್ಟು ಜನ್ಮಗಳಿಂದ ನಮ್ಮ ನಿಧಾನವನ್ನು ಆತನು ಸೈರಿಸಿಕೊಂಡಿದ್ದಾನೆಂಬುದನ್ನು ಎಣಿಸಿದರೆ ದಿವೆಘಾಟದ ಅರ್ಧ ಗಂಟೆ ಯಾವ ಲೆಕ್ಕ? ಮನುವಿನ ‘ಒಬ್ಬನೇ’ ಎಂಬ ಮಾತಿಗೂ ಇದರಿಂದ ಬಾಧೆಯಿಲ್ಲ. ಫಲವನ್ನು ಉಣ್ಣುವಲ್ಲಿ ಜೀವನು ಒಬ್ಬನೇ. ದಾರಿ ನಡೆಯುವಲ್ಲಿ ಎಂದೂ ಒಬ್ಬನಾಗಿರಲಿಲ್ಲ.

ಸಾಸವಡದಿಂದ ಮುಂದೆ ನಾವು ಮಾಸ್ತರರ ಹೆಜ್ಜೆಯಲ್ಲಿ ನಡೆದೆವು. ಜೇಜುರ��, ವಾಲ್ಹೆ, ನೀರಾ ನದಿಯಲ್ಲಿ ಪಾದುಕೆಗಳ ಸ್ನಾನ, ಲೋಣಂದ, ಫಲಟಣ. ಅನೇಕ ದಿನ ತಡವಾಗಿ ತಲುಪಿ, ಒಳ್ಳೆಯ ಜಾಗ ಸಿಗದೆ, ಡೇರೆಯ ಅಂಚಿನಲ್ಲಿ ಒದ್ದೆ ನೆಲದ ಮೇಲೆ ಮಲಗಿದ್ದೂ ಉಂಟು. ಕುದುರೆ ಓಡುವ ರಿಂಗಣವನ್ನು ಒಂದು ಕಡೆ ನೋಡಲಾಗಲೇ ಇಲ್ಲ. ತರುಣರು ಆಕ್ಷೇಪಿಸಿದ ಹರಟೆಯೂ ಸಾಕಷ್ಟು ಆಯಿತು. ಮಾಸ್ತರರು ತಮ್ಮ ಶಾಲೆಯ ಕಥೆಗಳನ್ನು ಎರಡೆರಡು ಸಲ ಹೇಳುತ್ತಿದ್ದರು. ಜಪದ ಸಂಖ್ಯೆ ಕಡಿಮೆಯಾದುದು ನಿಜ. ಅದನ್ನು ಲಾಭವೆಂದು ನಾವು ಹೇಳುವುದಿಲ್ಲ. ಆದರೆ ಬೆಳಗಿನ ಜಾವ ಕತ್ತಲೆಯಲ್ಲಿ, ಇನ್ನೂ ಯಾರೂ ಮಾತನಾಡದ ಹೊತ್ತಿನಲ್ಲಿ, ಪಕ್ಕದಲ್ಲಿ ಅವರ ಊರುಗೋಲಿನ ಸದ್ದು ಕೇಳುತ್ತಿದ್ದಾಗ ಮನಸ್ಸು ಎಷ್ಟು ನಿಂತಿತೋ ಅಷ್ಟು ಆ ಘಾಟದ ಹಗುರ ನಡಿಗೆಯಲ್ಲಿ ನಿಂತಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಮ್ಮ ಮನಸ್ಸು ಇನ್ನೂ ಸ್ಪಷ್ಟವಾಗಿಲ್ಲ. ಮಡಿಯ ಕಾರಣ ನಮ್ಮ ಅಡಿಗೆ ಬೇರೆಯಾಗಿತ್ತು. ತಂಬಿಗೆಯ ತಾಯಿ ದ್ವಾದಶಿಯಂದು ಭಾಕರಿ ತಂದಾಗ ಕೈಮುಗಿದು ಬೇಡವೆಂದೆವು. ಆಕೆ ಬೇಸರಿಸಲಿಲ್ಲ, ಅಥವಾ ತೋರಗೊಡಲಿಲ್ಲ. ಪುಣೆಯ ಡೆಕ್ಕನ್ ಕಾಲೇಜಿನ ವಿದುಷಿ ಇರಾವತಿ ಕರ್ವೆಯವರು ತಾವು ವಾರಿಯಲ್ಲಿ ನಡೆದ ಅನುಭವವನ್ನು ಬರೆದಿದ್ದಾರೆ. ಇಂಗ್ಲಿಷಿನಲ್ಲಿ ಅದು 1962ರಲ್ಲಿ ಪ್ರಕಟವಾಯಿತು. ಒಂದೇ ದಿಂಡಿಯಲ್ಲಿ ಹಾಡುತ್ತ ನಡೆದವರು ಊಟಕ್ಕೆ ಬೇರೆ ಬೇರೆ ಕೂಡುವುದನ್ನು ಕಂಡು ಅವರಿಗಾದ ನೋವು ಅದರಲ್ಲಿದೆ. ಮಡಿಯನ್ನು ಬಿಡಬೇಕೆಂದು ನಾವು ಹೇಳಲಾರೆವು, ನಾವು ಬಿಟ್ಟಿಲ್ಲ. ಆದರೆ ಮಾಸ್ತರರ ಬಾಯಿಗೆ ನೀರು ಹಾಕಿದ ಕೈಯಿಂದ ಭಾಕರಿಯನ್ನು ಬೇಡವೆಂದುದು ಇಂದಿಗೂ ಮನಸ್ಸಿನಲ್ಲಿ ಚುಚ್ಚುತ್ತದೆ. ಮಾಸ್ತರರು ಆಕೆಯ ತುಲಸಿಗೆ ನೀರೆರೆಯುವ ಕೆಲಸವನ್ನು ಮರುದಿನದಿಂದ ತಾವೇ ವಹಿಸಿಕೊಂಡರು. ಎರಡು ದಿನ ಕಳೆದ ಮೇಲೆ ನಾವೂ ತಂಬಿಗೆ ತುಂಬಿ ತಂದುಕೊಡತೊಡಗಿದೆವು.

ಮಾಸ್ತರರು 2021ರಲ್ಲಿ ಹರಿಪಾದವನ್ನು ಸೇರಿದರು. ಆ ವರ್ಷವೂ ಅದರ ಹಿಂದಿನ ವರ್ಷವೂ ಕೊರೋನಾದ ಕಾರಣ ಪಾದುಕೆಗಳು ಬಸ್ಸಿನಲ್ಲಿ ಪಂಢರಪುರಕ್ಕೆ ಹೋದವು, ದಾರಿಯಲ್ಲಿ ದಿಂಡಿಗಳಿರಲಿಲ್ಲ.

ಈ ಲೇಖನದ ಕರಡನ್ನು ಆ ತರುಣರಿಗೆ ಓದಲು ಕೊಟ್ಟಿದ್ದೆವು. ಕಳೆದ ಶನಿವಾರ ಹಿಂದಿರುಗಿಸಿದರು. ಅಭಿಪ್ರಾಯವೇನನ್ನೂ ಹೇಳಲಿಲ್ಲ. ಅವರ ತಂದೆಯವರು ತಾವೂ ಬರುತ್ತೇವೆಂದು ಬಹಳ ದಿನಗಳಿಂದ ಹೇಳುತ್ತಿದ್ದಾರಂತೆ, ಮಂಡಿನೋವಿನ ಕಾರಣ ಇವರು ಬೇಡವೆಂದಿದ್ದರಂತೆ. ಸಾಸವಡದಿಂದ ಜೇಜುರಿಗೆ ಎಷ್ಟು ದೂರವೆಂದು ಕೇಳಿದರು. ಸುಮಾರು ಹದಿನಾರು ಕಿಲೋಮೀಟರು, ಮಂಡಿ ನೋಯುವವರು ಜೊತೆಗಿದ್ದರೆ ಬೆಳಗಿನ ನಾಲ್ಕಕ್ಕೇ ಹೊರಡಬೇಕು, ಬಿಸಿಲೇರುವ ಮೊದಲು ಎರಡು ಸಲವಾದರೂ ಕೂರಬೇಕು ಎಂದು ಹೇಳಿದೆವು.

ಶ್ರೀಕೃಷ್ಣಾರ್ಪಣಮಸ್ತು